ಕೇಳದೆ ನಡೆದ ದಾರಿ

“ಕೇಳಿದ್ರಾ? ಆ ಹಾರ್ಕರ್ ಅಂಗಳಕ್ಕೆ ಹೋಗಿ, ಟೋಪಿ ತೆಗ್ದು, ಅಪ್ಪಣೆ ಕೇಳಿದ್ರಾ? ತಲೆ ನೆಟ್ಟಗಿತ್ತೇನ್ರೀ ನಿಮ್ಗೆ?”

ನಾನು ಕೂಗಿದ್ದಕ್ಕೆ ರೈಲಿನ ಡಬ್ಬಿಯಲ್ಲಿದ್ದವರೆಲ್ಲ ಕಿಟಕಿಯಾಚೆಯ ಕುರಿಗಳನ್ನು ಈಗಷ್ಟೇ ಕಂಡವರಂತೆ ಆ ಕಡೆ ಮುಖ ತಿರುಗಿಸಿದರು. ನಮ್ಮ ಯಾರ್ಕ್‌ಶೈರಿನಲ್ಲಿ ಪಕ್ಕದವರ ಜಗಳ ಎಲ್ಲರಿಗೂ ಕೇಳಿಸುತ್ತದೆ, ಯಾರಿಗೂ ಕಾಣಿಸುವುದಿಲ್ಲ.

“ಡೋರೀನ್ ಅವ್ರೇ, ನಾನು ಕೇಳಿದ್ದು...” ಎಂದು ಸೆಡ್ರಿಕ್ ಶುರು ಮಾಡಿದ.

“ಕೇಳಿದ್ದು ಕೇಳಿದ್ದೇ. ಬಾಯ್ ಮುಚ್ಕೊಂಡಿರಿ. ನಿಮ್ಮ ಮರ್ಯಾದೆ ನಮ್ಮ ದಾರಿ ತಿಂತು.”

ಅವನು ಬಾಯಿ ಮುಚ್ಚಿದ. ಎದ್ದು, ನನ್ನ ಗಂಡ ವಿಲ್ಫ್‌ಗೆ ತಲೆಬಾಗಿ, ಡಬ್ಬಿಯ ಆ ತುದಿಗೆ ಹೋಗಿ ಕೂತ. ಸೆಡ್ರಿಕ್ ಜೀವಮಾನವಿಡೀ ಶೂ ಅಂಗಡಿಯಲ್ಲಿ ದುಡಿದವನು. ಗಿರಾಕಿಯ ಮುಂದೆ ಮೊಣಕಾಲೂರಿ, “ಮುಟ್ಟಬಹುದೇ?” ಎಂದು ಕೇಳಿಯೇ ಕಾಲು ಮುಟ್ಟಿದವನು. ಅಂಥವನನ್ನು ನಮ್ಮ ಭಾನುವಾರದ ನಡಿಗೆ ಗುಂಪಿಗೆ ಮುಂದಾಳು ಮಾಡಿದ್ದು ನಾವೇ. ನಕಾಶೆ ಓದುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು, ರೈಲಿನ ಸಮಯ ಬಾಯಿಪಾಠವಿತ್ತು.

ವಿಲ್ಫ್ ನನ್ನ ತೋಳು ತಟ್ಟಿದ. “ಸಾಕು ಬಿಡೇ ಹುಡ್ಗಿ. ಇಂಜಿನ್ನಿಗಿಂತ ನೀನೇ ಜೋರಾಗಿ ಕೂಗ್ತಿದ್ದೀಯ.”

ಅವನು ತಮಾಷೆ ಮಾಡಬಹುದು. ಕೈತಪ್ಪುವುದು ಅವನ ದಾರಿ, ಉರಿಯುವುದು ನನಗೆ.

ವಿಲ್ಫ್ ಬ್ರಾಡ್‌ಫರ್ಡಿನ ಉಣ್ಣೆ ಗಿರಣಿಯಲ್ಲಿ ದುಡಿದ. ಉಣ್ಣೆಯ ಧೂಳು ಅವನ ಎದೆಯಲ್ಲಿ ಮನೆ ಮಾಡಿಕೊಂಡಿತು. ಗುಡ್ಡ ಹತ್ತುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ನಮ್ಮ ಹತ್ತಿರ ಕಾರಿಲ್ಲ. ರೈಲಿಳಿದು ಅವನು ನಡೆಯಬಲ್ಲ ದಾರಿ ಉಳಿದದ್ದು ಒಂದೇ: ಹಾಲೊಬೆಕ್ ನಿಲ್ದಾಣದಿಂದ ಹೊಳೆಯ ಪಕ್ಕ, ಹಾರ್ಕರನ ಹುಲ್ಲುಗಾವಲಿನ ನಡುವೆ, ಹಾಲೊಬೆಕ್ ಹಳ್ಳಿಯ ಚಹಾ ಅಂಗಡಿಯವರೆಗೆ. ಅಂಗೈಯಷ್ಟು ಸಮತಟ್ಟು. ಅರ್ಧ ದಾರಿಯಲ್ಲಿ ಹಾರ್ಕರನ ಕೊಟ್ಟಿಗೆ. ಅದರ ಗೋಡೆಗೆ ಆತು ಒಂದು ಹಲಗೆ, ಮೇಲೆ ಸಿಕಮೋರ್ ಮರದ ನೆರಳು. ಅಲ್ಲಿ ವಿಲ್ಫ್ ಕೂತು ಉಸಿರು ತಿರುಗಿಸಿಕೊಳ್ಳುತ್ತಿದ್ದ, ನಾನು ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದೆ. ಮಿಕ್ಕವರು ಮುಂದೆ ಹೋಗಿ ಬೇಲಿಯ ಹತ್ತಿರ ಕಾಯುತ್ತಿದ್ದರು. ವಾರವಿಡೀ ಕಿಟಕಿಯ ಪಕ್ಕ ಕೆಮ್ಮುತ್ತ ಕೂರುವ ಗಂಡಸು ಭಾನುವಾರ ಸಂಜೆ ಕೆಂಪು ಕೆನ್ನೆ ಹೊತ್ತು ಮನೆಗೆ ಬರುತ್ತಿದ್ದ. ಆ ದಾರಿಯಿಂದ ಅಷ್ಟು ಸಿಗುತ್ತಿತ್ತು ನಮಗೆ.

ಈ ವಸಂತದಲ್ಲಿ ಹಾರ್ಕರ್ ಗೇಟಿಗೆ ಸರಪಳಿ ಹಾಕಿದ. ಕೊಟ್ಟಿಗೆಯನ್ನು ಪ್ರವಾಸಿಗರಿಗೆ ಬಾಡಿಗೆ ಮನೆ ಮಾಡುತ್ತಾನಂತೆ. ಕಿಟಕಿಯ ಮುಂದೆ ಯಾರ್ಯಾರೋ ಕೆಸರು ಬೂಟು ಹಾಕಿಕೊಂಡು ಓಡಾಡಬಾರದಂತೆ.

ನಾವು ಸುಮ್ಮನಿರಲಿಲ್ಲ. ನಮ್ಮ ಕಾನೂನು ಈ ವಿಷಯದಲ್ಲಿ ಸ್ವಲ್ಪ ವಿಚಿತ್ರ. ಜನ ಇಪ್ಪತ್ತು ವರ್ಷ ಯಾರ ಅಪ್ಪಣೆಯನ್ನೂ ಕೇಳದೆ, ಕದ್ದುಮುಚ್ಚಿ ಅಲ್ಲದೆ, ಬೇಲಿ ಮುರಿಯದೆ ನಡೆದರೆ ಆ ದಾರಿ ಜನರದು. ಕೇಳಿ ನಡೆದರೋ, ಅದು ಮಾಲೀಕನ ಔದಾರ್ಯ. ಇವತ್ತು ಕೊಟ್ಟದ್ದನ್ನು ನಾಳೆ ಕಿತ್ತುಕೊಳ್ಳಬಹುದು. ದಾಕ್ಷಿಣ್ಯವಿಲ್ಲದೆ ನಡೆದವನಿಗೆ ಹಕ್ಕು, ಮರ್ಯಾದಸ್ಥನಿಗೆ ಚೊಂಬು. ಇವತ್ತು ಹಳ್ಳಿಯ ಸಭಾಭವನದಲ್ಲಿ ಸರ್ಕಾರದ ಅಧಿಕಾರಿಯ ಮುಂದೆ ಅದರ ವಿಚಾರಣೆ. ಇಂಥ ದಿನ, ರೈಲು ಹೊರಟ ಮೇಲೆ, ಹವಾಮಾನದ ಬಗ್ಗೆ ಮಾತಾಡುವ ಹಾಗೆ ಸೆಡ್ರಿಕ್ ಹೇಳಿದ್ದ: “ಹಾರ್ಕರ್ ಅವರನ್ನ ನಾನು ಪ್ರತಿ ವರ್ಷ ಕೇಳ್ತಿದ್ದೆ, ಪಾಪ, ಒಂದ್ಸಲಾನೂ ಇಲ್ಲ ಅನ್ಲಿಲ್ಲ.”

ಹಾಲೊಬೆಕ್‌ನಲ್ಲಿ ಇಳಿದೆವು. ದಾರಿಗೆ ಸರಪಳಿ ಬಿದ್ದದ್ದರಿಂದ ಡಾಂಬರು ರಸ್ತೆಯೇ ಗತಿ. ಅದು ಏರುರಸ್ತೆ. ಪಕ್ಕದಲ್ಲಿ ಕಾಲಿಡಲು ಜಾಗವಿಲ್ಲ, ಕಲ್ಲುಗಣಿಯ ಲಾರಿಗಳು ಮೈಗೆ ಉಜ್ಜಿಕೊಂಡಂತೆ ಹೋಗುತ್ತವೆ. ಮೊದಲ ತಿರುವಿನಲ್ಲೇ ವಿಲ್ಫ್ ಕಲ್ಲಿನ ಗೋಡೆಗೆ ಕೈಯೂರಿ ನಿಂತ. ತುಟಿ ನೀಲಿಗಟ್ಟಿತ್ತು. ಮನೆಯಲ್ಲೇ ಇರು ಎಂದು ನಾನು ಬಡಕೊಂಡಿದ್ದೆ, ನನ್ನ ದಾರಿಯ ವಿಚಾರಣೆಗೆ ನಾನೇ ಇಲ್ಲದಿದ್ದರೆ ಹೇಗೆ ಎಂದು ಹಟ ಹಿಡಿದು ಬಂದಿದ್ದ. ಹಿಂದಿದ್ದ ಸೆಡ್ರಿಕ್ ಬಂದು ಲಾರಿಗಳ ಕಡೆ, ವಿಲ್ಫ್‌ಗೆ ಅಡ್ಡವಾಗಿ ನಿಂತ. ಲಾರಿಯ ಗಾಳಿಗೆ ಅವನ ಟೋಪಿ ಹಾರಿ ಚರಂಡಿಗೆ ಬಿತ್ತು. ಅದನ್ನು ಎತ್ತಿಕೊಂಡು ಒರೆಸಿ ಹಾಕಿಕೊಂಡ.

ನನ್ನ ಸಿಟ್ಟು ಇಳಿದಿರಲಿಲ್ಲ. ಆದರೂ ಹತ್ತಿರ ಹೋಗಿ ದನಿ ತಗ್ಗಿಸಿ ಹೇಳಿದೆ. “ಅಲ್ಲಿ ಕೇಳಿದ್ರೆ ನೆನಪಿಲ್ಲ ಅನ್ನಿ. ನಿಮ್ ವಯಸ್ಸಿಗೆ ಯಾರೂ ತಪ್ಪು ತಿಳ್ಕೊಳ್ಳಲ್ಲ.”

“ನೆನಪಿದೆಯಲ್ಲ, ಡೋರೀನ್ ಅವ್ರೇ,” ಎಂದ. ಮುಗಿಯಿತು.

ಸಭಾಭವನದಲ್ಲಿ ಒದ್ದೆ ಕೋಟುಗಳ ವಾಸನೆ. ಹಳ್ಳಿಯವರು ಅರ್ಧ, ನಮ್ಮ ಗುಂಪಿನವರು ಅರ್ಧ. ಹಾರ್ಕರನ ನಾಯಿ ಬಾಗಿಲ ಬಳಿ ಮಲಗಿತ್ತು. ವಿಚಾರಣೆಗೆ ಬಂದಿದ್ದ ಅಧಿಕಾರಿ ಮಿಸೆಸ್ ಫೆಂಟನ್, ಗಿಡ್ಡ ಹೆಂಗಸು. ಅವರು ಬೆಳಿಗ್ಗೆ ದಾರಿ ನಡೆದು ನೋಡಿ ಬಂದಿದ್ದರೆಂದು ಬೂಟಿನ ಕೆಸರೇ ಹೇಳುತ್ತಿತ್ತು. ಒಬ್ಬೊಬ್ಬರಾಗಿ ನಾವು ಎದ್ದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆಯುತ್ತಿದ್ದೇವೆಂದು ಹೇಳಿದೆವು. ನಾನು ಮಾತಾಡುವಾಗ ದನಿ ಏರಿತು. ಮಿಸೆಸ್ ಫೆಂಟನ್ ತಮ್ಮ ಕಿವಿ ಚೆನ್ನಾಗಿದೆ ಎಂದರು.

ಹಾರ್ಕರ್ ವಕೀಲನನ್ನು ತಂದಿರಲಿಲ್ಲ. ಅವನಿಗೆ ಬೇಕಾದ್ದು ಒಬ್ಬನೇ ಸಾಕ್ಷಿ. ಸೆಡ್ರಿಕ್‌ನ ಸರದಿ ಬಂದ ಕೂಡಲೇ ಹಾರ್ಕರ್ ತಾನೇ ಪ್ರಶ್ನೆ ಕೇಳಲು ಎದ್ದು ನಿಂತ.

“ಪ್ರತಿ ಬೇಸಿಗೆ ಶುರುವಾಗೋ ಮುಂಚೆ ನನ್ನ ಅಂಗಳಕ್ಕೆ ಬಂದು ಕೇಳ್ತಿದ್ರೋ ಇಲ್ವೋ?”

“ಕೇಳ್ತಿದ್ದೆ.”

“ನಾನು ಆಗ್ಲಿ ಅಂತಿದ್ನೋ ಇಲ್ವೋ?”

“ಅಂತಿದ್ರಿ. ದೊಡ್ಡ ಉಪಕಾರ ಆಗ್ತಿತ್ತು.”

“ಅಷ್ಟೇ,” ಎಂದು ಹಾರ್ಕರ್ ಕೂತ. ಚಹಾ ಕಪ್ಪು ಎತ್ತಿಕೊಂಡ. ನಮ್ಮವರೆಲ್ಲ ನೆಲ ನೋಡತೊಡಗಿದರು. ವಿಲ್ಫ್ ನನ್ನ ಕೈ ಹಿಡಿದ. ಬೇಸರಕ್ಕಲ್ಲ, ನಾನು ಏಳದಿರಲಿ ಎಂದು. ನಿಜವಾಗಿಯೂ ಏಳುವವಳಿದ್ದೆ. ಇನ್ನು ಇವನ ಭಾನುವಾರಗಳೆಲ್ಲ ಕಿಟಕಿ ಪಕ್ಕವೇ.

ಮಿಸೆಸ್ ಫೆಂಟನ್ ಪೆನ್ನು ಕೆಳಗಿಟ್ಟು, ಯಾರಿಗೂ, ನನಗಂತೂ ಬೆಳಗಿನಿಂದ ಹೊಳೆಯದ ಪ್ರಶ್ನೆಯನ್ನು ಕೇಳಿದರು.

“ಏನು ಕೇಳ್ತಿದ್ರಿ?”

ಸೆಡ್ರಿಕ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. ಚರಂಡಿಯ ಕೊಳೆ ಇನ್ನೂ ಅಂಟಿಕೊಂಡಿತ್ತು.

“ಕೊಟ್ಟಿಗೆ ಗೋಡೆ ಪಕ್ಕ ಕೂರೋದಕ್ಕೆ, ಮೇಡಂ. ನಮ್ಮ ಗುಂಪಿನಲ್ಲಿ ಒಬ್ಬರಿಗೆ ಎದೆ ಸರಿಯಿಲ್ಲ. ನಡುವೆ ಸ್ವಲ್ಪ ಕೂರ್ಲೇಬೇಕು. ಆ ಜಾಗ ದಾರಿಯಿಂದ ಆಚೆ, ಹಾರ್ಕರ್ ಅವರ ಗೋಡೆಗೆ ಅಂಟ್ಕೊಂಡಿದೆ. ಇನ್ನೊಬ್ಬರ ಗೋಡೆಗೆ ಒರಗೋಕೆ ಮುಂಚೆ ಕೇಳ್ಬೇಕಲ್ವಾ?”

“ದಾರಿಯಲ್ಲಿ ನಡೆಯೋದಕ್ಕೆ?”

ಸೆಡ್ರಿಕ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ದಾರಿಗೆ ಯಾಕೆ ಕೇಳ್ತಾರೆ, ಮೇಡಂ? ಅದು ದಾರಿ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಹಳ್ಳಿಯವರೂ ನಕ್ಕರು. ನನಗೆ ನಗು ಬರಲಿಲ್ಲ. ವಿಲ್ಫ್ ಸೆಡ್ರಿಕ್‌ನನ್ನೇ ನೋಡುತ್ತಿದ್ದ. ಆ ಕೂರುವ ಜಾಗ ದಾರಿಯ ಜೊತೆಗೇ ಬಂದದ್ದು ಎಂದುಕೊಂಡು ನಾವಿಬ್ಬರೂ ಅಷ್ಟು ಕಾಲ ಕೂತೆದ್ದು ಬಂದಿದ್ದೆವು. ಒಬ್ಬ ಮನುಷ್ಯ ವರ್ಷವರ್ಷ ಅಂಗಳಕ್ಕೆ ಹೋಗಿ, ಆ ನಾಯಿಯಿಂದ ಬೊಗಳಿಸಿಕೊಂಡು, ನಮಗಾಗಿ ಕೇಳಿ ಬರುತ್ತಾನೆಂದು ಯಾರಿಗೆ ಗೊತ್ತು?

ಮಿಸೆಸ್ ಫೆಂಟನ್ ಹಾರ್ಕರನ ಕಡೆ ತಿರುಗಿ, ಇದು ಸರಿಯೇ ಎಂದು ಕೇಳಿದರು.

ಅವನು ಬೇಕಂತಲೇ ಮುಚ್ಚಿಟ್ಟಿದ್ದನೋ, ಬಾಡಿಗೆ ಮನೆಯ ಆಸೆಯಲ್ಲಿ ಮರೆತೇಬಿಟ್ಟಿದ್ದನೋ, ನನಗೆ ಗೊತ್ತಿಲ್ಲ. ಅವನ ಕತ್ತು ಮಾತ್ರ ನಿಧಾನಕ್ಕೆ ಕೆಂಪಾಯಿತು.

“ಕೂರೋಕೇ ಕೇಳಿದ್ದು,” ಎಂದ ಕೊನೆಗೆ. “ಮೊದ್ಲು ಅಲ್ಲಿ ಬರೀ ಕಲ್ಲಿತ್ತು. ಎದೆ ನೋವಿನ ಮನುಷ್ಯ ತಣ್ಣನೆ ಕಲ್ಲ ಮೇಲೆ ಕೂರ್ತಾನಲ್ಲ ಅಂತ ಹಲಗೆ ಹಾಕಿಸಿದ್ದೂ ನಾನೇ. ನನಗೆ ಬೇಕಿತ್ತಾ ಇದು?”

ವಿಲ್ಫ್ ಎದ್ದು ನಿಂತ. “ಹಲಗೆ ಬಹಳ ಚೆನ್ನಾಗಿದೆ, ಹಾರ್ಕರ್,” ಎಂದ. ಚುಚ್ಚು ಮಾತಲ್ಲ. ನನ್ನ ಗಂಡನಿಗೆ ಚುಚ್ಚಲು ಬರುವುದಿಲ್ಲ.

ಹಾರ್ಕರ್ ಕಪ್ಪನ್ನು ಕುರ್ಚಿಯ ಕೆಳಗಿಟ್ಟು, ಟೋಪಿ ಹಾಕಿಕೊಂಡು, ಸಾಲುಗಳ ನಡುವೆ ಸೀದಾ ನಡೆದು ಹೊರಗೆ ಹೋದ. ನಾಯಿ ಮೈಮುರಿದು ಹಿಂದೆ ಹೋಯಿತು. ಬಾಗಿಲು ಹಾಗೆಯೇ ತೆರೆದಿತ್ತು.

ಮಿಸೆಸ್ ಫೆಂಟನ್ ಅವನು ಬರಬಹುದೆಂದು ಕಾದರು. ನಾನು ಚೀಲ ಬಿಚ್ಚಿ, ವಿಲ್ಫ್‌ಗೆಂದು ತಂದಿದ್ದ ಹಂದಿಮಾಂಸದ ಕಡುಬಿನ ದೊಡ್ಡ ತುಂಡನ್ನು ಸೆಡ್ರಿಕ್‌ನ ತೊಡೆಯ ಮೇಲಿಟ್ಟೆ.

“ಇದು ವಿಲ್ಫ್‌ದಲ್ವಾ? ತಗೋಬಹುದೇ?” ಎಂದ.

“ಕೇಳ್ಬೇಡಿ,” ಎಂದೆ. “ಇನ್ಮೇಲೆ ಏನೂ ಕೇಳ್ಬೇಡಿ. ತಿನ್ನಿ.”

ಗಾಳಿ ಒಳಗೆ ನುಗ್ಗುತ್ತಿತ್ತು. ವಿಲ್ಫ್ ನಿಧಾನಕ್ಕೆ ಬಾಗಿಲವರೆಗೆ ಹೋಗಿ ಹೊರಗೆ ಇಣುಕಿದ.

“ಬರ್ತಿದ್ದಾರಾ?” ಎಂದರು ಮಿಸೆಸ್ ಫೆಂಟನ್.

“ಇಲ್ಲ, ಮೇಡಂ. ಸರಪಳಿ ದಾಟಿ ಹೊಳೆ ಪಕ್ಕ ಮನೆಗೆ ಹೋಗ್ತಿದ್ದಾನೆ. ರಸ್ತೇಲಿ ಲಾರಿಗಳಲ್ವಾ, ಪಾಪ.”

ಅವರು ಇನ್ನೂ ಸ್ವಲ್ಪ ಕಾದರು. ಹಾರ್ಕರನ ಕುರ್ಚಿಯ ಕೆಳಗೆ ಚಹಾ ತಣ್ಣಗಾಯಿತು. ಅವನು ಬರಲಿಲ್ಲ. ಮಿಸೆಸ್ ಫೆಂಟನ್ ಪೆನ್ನು ಎತ್ತಿಕೊಂಡು, ದಾರಿಗೆ ಯಾರೂ ಅಪ್ಪಣೆ ಕೇಳಿಲ್ಲ ಎಂದು ಬರೆದುಕೊಂಡರು. ವಿಲ್ಫ್ ಬಾಗಿಲು ಮುಚ್ಚಿಕೊಂಡು ಬಂದ.