ಮೊಸಳೆ ತೋರಿಸುವ ದೋಣಿ

ಭಾವ ಕೋಳಿಯ ಕಾಲಿಗೆ ಹಗ್ಗ ಬಿಗಿದು ನೀರಿಗೆ ಇಳಿಬಿಟ್ಟು, ದೋಣಿಯನ್ನು ದಡಕ್ಕೆ ಇನ್ನಷ್ಟು ಹತ್ತಿರ ತರುವಂತೆ ಕೈಸನ್ನೆ ಮಾಡಿದ. ಪ್ರವಾಸಿಗರೆಲ್ಲ ಕ್ಯಾಮೆರಾ ಹಿಡಿದು ಒಂದೇ ಮಗ್ಗುಲಿಗೆ ವಾಲಿದರು. ಚುಕ್ಕಾಣಿ ಹಿಡಿದಿದ್ದ ಭಾಮೈದನ ಕಣ್ಣು ಮಾತ್ರ ದಡದ ಮೇಲಿತ್ತು. ಇಪ್ಪತ್ತು ಮಾರು ಆಚೆಗೇ ಕಾಡುಹಳ್ಳಿಯ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಮೊಸಳೆ ನೋಡಿದವರು ಅಲ್ಲೇ ಇಳಿದು ಹಳ್ಳಿಯವರು ಹೆಣೆದ ಚಾಪೆ ಕೊಳ್ಳಲಿ, ಡೀಸೆಲ್ಲೂ ಉಳಿಯಲಿ ಎನ್ನುವುದು ಭಾವನ ಲೆಕ್ಕಾಚಾರ. ಮಾಂಸ ಹಾಕುವುದಾದರೆ ಹಳ್ಳಿಯಿಂದ ದೂರ ಹಾಕೋಣವೆಂದು ಭಾಮೈದ ಎಷ್ಟೋ ಸಲ ಹೇಳಿದ್ದ. ದೋಣಿ ಅಕ್ಕನ ಗಂಡನದು. ಹೇಳಿದ್ದು ಗಾಳಿಗೆ ಹೋಗಿತ್ತು.

ಆರು ತಿಂಗಳಿಂದ ಇಂಜಿನ್ ಸದ್ದಿಗೇ ಹಸಿವಾಗುವುದನ್ನು ಕಲಿತಿದ್ದ ಮೊಸಳೆ ಇವತ್ತು ಕೋಳಿಯತ್ತ ತಿರುಗಲಿಲ್ಲ. ನೀರಿನಡಿಯಿಂದಲೇ ಹೋಗಿ, ಸೀರೆ ಜಾಲಿಸುತ್ತಿದ್ದವಳ ಮೊಣಕೈ ಕಚ್ಚಿ ಎಳೆಯಿತು.

ಭಾಮೈದ ದೋಣಿಯನ್ನು ನೇರ ಅದರ ಮೇಲೆ ನುಗ್ಗಿಸಿದ. ಪ್ರವಾಸಿಗರು ಒಬ್ಬರ ಮೇಲೊಬ್ಬರು ಬಿದ್ದರು. ಅವನು ಗಳ ಹಿಡಿದು ಸೊಂಟದ ನೀರಿಗೆ ಧುಮುಕಿ, ಕಣ್ಣೆಂದು ಕಂಡಲ್ಲಿಗೆ ಚುಚ್ಚಿದ, ಮತ್ತೆ ಚುಚ್ಚಿದ. ಬಾಯಿ ಸಡಿಲವಾಯಿತು. ಹೆಂಗಸು ಈಚೆ ಬಂದಳು. ಮೊಣಕೈಯಿಂದ ಕೆಳಗೆ ಏನೂ ಬರಲಿಲ್ಲ. ಭಾಮೈದ ತನ್ನ ಅಂಗಿ ಹರಿದು ಅವಳ ರಟ್ಟೆಗೆ ಬಿಗಿಯುವಷ್ಟರಲ್ಲಿ ಅವಳ ಗಂಡನೂ ಊರವರೂ ದೊಣ್ಣೆ ಮಚ್ಚು ಹಿಡಿದು ಓಡಿಬಂದರು.

ಮೊಸಳೆ ಕಾಡಿನದು, ತಾವು ಬರೀ ನೋಡಲು ಬಂದವರು ಎಂದು ಭಾವ ದೋಣಿಯಲ್ಲಿ ನಿಂತೇ ಹೇಳಿದ. ಗಂಡ ಭಾಮೈದನ ಮುಖ ನೋಡಿದ.

"ನಾವೇ ತಿನ್ಸಿ ತಿನ್ಸಿ ಇಲ್ಲಿಗೆ ಕರ್ಕೊಂಡಿದ್ದು. ಕೋಳಿ ಕಟ್ಟೋದು ಭಾವ. ದೋಣಿ ತಂದು ನಿಲ್ಸೋದು ನಾನು."

ಗಂಡನ ದೊಣ್ಣೆ ಅವನ ಎಡಗಣ್ಣಿನ ಮೇಲೇ ಬಿತ್ತು. ಉಳಿದವರು ಭಾವನನ್ನು ಕೆಸರಿಗೆಳೆದು ತುಳಿದರು. ಪಕ್ಕೆಲುಬು ಮುರಿದ ಸದ್ದು ಭಾಮೈದನಿಗೂ ಕೇಳಿಸಿತು. ಬೀಳಲಿ ನಾಲ್ಕು, ಬುದ್ಧಿ ಬರಲಿ ಅಂದುಕೊಂಡ. ಆದರೆ ಯಾರೋ ಮಚ್ಚು ಎತ್ತಿದ್ದೇ ತಡ, ಅಕ್ಕನ ಮುಖ ಕಣ್ಮುಂದೆ ಬಂದು, ಭಾವನ ಮೇಲೆ ಬೋರಲಾಗಿ ಬಿದ್ದುಬಿಟ್ಟ.

"ಅವನನ್ನೂ ಕಡಿದ್ರೆ ದೋಣಿ ಯಾರೋ ನಡೆಸೋದು?" ಗಾಯಗೊಂಡವಳ ತಾಯಿ ಕೇಳಿದಳು. ಅವಳ ಸೆರಗೆಲ್ಲ ಮಗಳ ರಕ್ತ. "ಆಸ್ಪತ್ರೆ ಏನು ಇಲ್ಲೇ ಇದ್ಯಾ?"

ಮಚ್ಚು ಕೆಳಗಿಳಿಯಿತು.

ಹೆಂಗಸನ್ನು ಬೆಂಚಿನ ಮೇಲೆ ಮಲಗಿಸಿದರು. ತಾಯಿ ಅವಳ ಮೊಂಡುಗೈಯನ್ನು ಎತ್ತಿ ಹಿಡಿದು ಕೂತಳು. ಭಾವ ಹಿಂದೆ ಹಲಗೆಯ ಮೇಲೆ ನರಳುತ್ತಿದ್ದ.

ಚುಕ್ಕಾಣಿ ಹಿಡಿದ ಭಾಮೈದನ ಎಡಗಣ್ಣು ಪೂರ್ತಿ ಮುಚ್ಚಿಹೋಗಿತ್ತು. ಆ ಮಗ್ಗುಲಿಗೆ ಹೆಂಗಸಿನ ಗಂಡ ಬಂದು ನಿಂತ. ಎಡಕ್ಕೆ ನೀರಿನಲ್ಲಿ ಮರಳ ದಿಬ್ಬ ಕಂಡಾಗಲೆಲ್ಲ ಅವನ ಭುಜ ಮುಟ್ಟಿ, "ಸ್ವಲ್ಪ ಬಲಕ್ಕೆ" ಎನ್ನುತ್ತಿದ್ದ.