ಕೇಬಲ್ಲಿಲ್ಲದ ಡಿಸ್ಕು

ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಕೆಲಸ ಮಾಡುತ್ತಿದ್ದ ಸೊಸೆಗೆ ಇರುವೆಗಳ ಹುಚ್ಚು. ರಜೆ ಸಿಕ್ಕಿತೆಂದರೆ ಬಾಲ್ಕನಿಯಲ್ಲಿ ಬೋರಲು ಮಲಗಿ, ಕ್ಯಾಮೆರಾದ ಮುಂದೆ ಭೂತಗನ್ನಡಿ ಕಟ್ಟಿ, ಗೋಡೆಯ ಬಿರುಕಿನಿಂದ ಹೊರಡುವ ಸಾಲನ್ನು ವಿಡಿಯೊ ಮಾಡುತ್ತಿದ್ದಳು. ಅವನ್ನು ಕತ್ತರಿಸಿ ಜೋಡಿಸಲು ಕೂತರೆ ಮನೆಯ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು. ಕೊನೆಗೊಂದು ದಿನ ಅದು ಪೂರ್ತಿ ಕೈಕೊಟ್ಟಿತು. ವಿಡಿಯೊಗಳಿದ್ದ ಡಿಸ್ಕೊಂದೇ ಉಳಿಯಿತು.

"ಸಿದ್ಧವಾಗಿರೋದನ್ನ ಯಾಕೆ ಕೊಳ್ಳೋದು? ನಾವೇ ಜೋಡಿಸೋಣ," ಎಂದರು ಮಾವ. ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಸ್ಕ್ರೂ ಕಂಡರೆ ಬಿಚ್ಚದೆ ಬಿಡುವ ಆಸಾಮಿಯಲ್ಲ.

ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯಲ್ಲಿ ಹೊಸ ಡಿಸ್ಕಿನ ಮಾತು ಬರುವ ತನಕ ಎಲ್ಲ ಸಲೀಸಾಗಿ ನಡೆಯಿತು. ಆಮೇಲೆ ಅಂಗಡಿಯವನು ಮೇಜಿನ ಮೇಲೆ ಎರಡು ಬಗೆಯ ಡಿಸ್ಕು ಇಟ್ಟ. ಒಂದು, ಕೇಬಲ್ ಸಿಕ್ಕಿಸುವ ತೆಳ್ಳನೆಯ ಪೆಟ್ಟಿಗೆ, ಸಾಟಾ. ಇನ್ನೊಂದು, ಚೂಯಿಂಗ್ ಗಮ್ಮಿನಂಥ ಪಟ್ಟಿ, ಎನ್‌ವಿಎಂಇ. ಕಂಪ್ಯೂಟರಿನ ಬೋರ್ಡಿಗೇ ನೇರವಾಗಿ ಚುಚ್ಚುವಂಥದು.

"ಇದಕ್ಕೆ ಕೇಬಲ್ಲೇ ಇಲ್ವಲ್ಲ," ಎಂದರು ಮಾವ. "ಕೆಟ್ಟರೆ ಏನನ್ನ ಎಳೆದು ನೋಡೋದು?"

"ಒಳಗಿರೋ ಮೆಮೊರಿ ಚಿಪ್ಪು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಸರ್. ಮಾಹಿತಿ ಓಡೋ ದಾರಿ ಬೇರೆ. ಅದು ಹಳೇ ರಸ್ತೆ, ಇದು ಅಗಲವಾದ ಹೊಸ ರಸ್ತೆ."

ಸೊಸೆಯ ಕಿವಿ ನೆಟ್ಟಗಾಯಿತು. "ದಾರಿ ಬದಲಾದ ಮಾತ್ರಕ್ಕೆ ಅಷ್ಟು ವ್ಯತ್ಯಾಸ ಆಗುತ್ತಾ?"

"ದೊಡ್ಡ ಫೈಲಿದ್ರೆ ಆಗುತ್ತೆ. ಸುಮ್ನೆ ಟೈಪ್ ಮಾಡೋರಿಗೆ ಗೊತ್ತೂ ಆಗಲ್ಲ."

ಮಾವ ಸಾಟಾವನ್ನೇ ಹಿಡಿದು ಕೂತರು. ಸೊಸೆಯೂ ಪಟ್ಟು ಬಿಡಲಿಲ್ಲ. "ಹಳೇ ಡಿಸ್ಕಿಗೆ ಹೇಗೂ ಕೇಬಲ್ ಹಾಕ್ತೀವಲ್ಲ ಮಾವ. ಇದನ್ನ ತಗೊಂಡ್ರೆ ಎರಡು ದಾರೀನೂ ನೋಡಿದ ಹಾಗಾಗುತ್ತೆ." ನೋಡುವ ಮಾತು ಬಂದದ್ದೇ ಮಾವ ಕರಗಿದರು.

ಮನೆಯಲ್ಲಿ ಊಟದ ಮೇಜೇ ಕಾರ್ಖಾನೆಯಾಯಿತು. ಸೊಸೆ ಪಟ್ಟಿಯನ್ನು ಓರೆಯಾಗಿ ತೂರಿಸಿ, ಒತ್ತಿ, ಪುಟ್ಟ ಸ್ಕ್ರೂ ಬಿಗಿದಳು. ದಿನವಿಡೀ ಅಂಥದೇ ಸ್ಕ್ರೂಗಳ ಜೊತೆ ಏಗುವವಳು. ಮಾವ ಹಳೆಯ ಡಿಸ್ಕಿನ ಕೇಬಲ್ಲನ್ನು ಬೋರ್ಡಿನ ಸಾಟಾ ಸಾಲಿನ ಕೊನೆಯ ಸಾಕೆಟ್ಟಿಗೆ ಸಿಕ್ಕಿಸಿದರು. ಹಾಗೆ ಮಾಡಿದರೆ ತಂತಿ ಅಡ್ಡಾದಿಡ್ಡಿ ಹೋಗುವುದಿಲ್ಲ.

ಕಂಪ್ಯೂಟರ್ ಚಾಲೂ ಆಯಿತು. ಪರದೆಯ ಮೇಲೆ ಹೊಸ ಎನ್‌ವಿಎಂಇಯ ಹೆಸರು ಕಾಣಿಸಿತು. ಹಳೆಯ ಡಿಸ್ಕಿನ ಸುಳಿವೇ ಇಲ್ಲ.

ಕೇಬಲ್ ಬದಲಿಸಿದರು. ಊಹೂಂ. ಜಪ್ಪಯ್ಯ ಅಂದರೂ ಕಾಣಲೊಲ್ಲದು. ಮಾವನ ಮುಖ ಸಪ್ಪಗಾಯಿತು. "ಆಗ ಮೇಜಿನ ಮೇಲೆ ಇಡುವಾಗ ಸ್ವಲ್ಪ ಕುಕ್ಕಿದೆ ಕಣಮ್ಮ. ಅದಕ್ಕೇ ಹೀಗಾಯ್ತೋ ಏನೋ."

ಸೊಸೆಗೂ ದಿಗಿಲೇ. ಇರುವೆಗಳೆಲ್ಲ ಅದರೊಳಗೇ ಇದ್ದವು. ಆದರೂ ಡಿಸ್ಕಿನ ಮೇಲೆ ಬೆರಳಿಟ್ಟು ನೋಡಿದಳು. ಸಣ್ಣಗೆ ನಡುಗುತ್ತಿತ್ತು.

"ತಿರುಗ್ತಾನೇ ಇದೆ ಮಾವ. ಇರಿ, ಹೊಸದನ್ನ ತೆಗೆದು ನೋಡ್ತೀನಿ."

ಕರೆಂಟು ಆರಿಸಿ, ಪಟ್ಟಿ ತೆಗೆದು ಮತ್ತೆ ಚಾಲೂ ಮಾಡಿದಳು. ಹಳೆಯ ಡಿಸ್ಕು ಪ್ರತ್ಯಕ್ಷ. ಪಟ್ಟಿ ಹಾಕಿದಳು. ಮಾಯ.

"ಇದೊಳ್ಳೆ ನಿಮ್ಮತ್ತೆ, ಅವಳ ಓರಗಿತ್ತಿ ಥರ," ಎಂದರು ಮಾವ, ಜೀವ ಬಂದವರಂತೆ. "ಒಬ್ಬಳು ಬಂದ್ರೆ ಇನ್ನೊಬ್ಬಳು ಎದ್ದು ಹೋಗ್ತಾಳೆ."

"ಇಬ್ಬರಿಗೂ ದಾರಿ ಒಂದೇ ಇರಬಹುದಾ?" ಎಂದು ಸೊಸೆ ತನ್ನಷ್ಟಕ್ಕೆ ಕೇಳಿಕೊಂಡಳು. "ಕೇಬಲ್ಲಿನ ಜಾಗ ಬದಲಿಸೋಣ."

ಪಕ್ಕದ ಸಾಕೆಟ್ಟಿಗೆ ಹಾಕಿದರು, ಇಲ್ಲ. ಅದರಾಚೆಯದಕ್ಕೆ ಹಾಕಿದರು. ಎರಡೂ ಡಿಸ್ಕು ಒಟ್ಟಿಗೆ ಬಂದು ಕೂತವು. ಅಷ್ಟಕ್ಕೇ ಬಿಡದೆ ಉಳಿದ ಸಾಕೆಟ್ಟುಗಳನ್ನೂ ಪರೀಕ್ಷಿಸಿದರು. ಮುಷ್ಕರ ಹೂಡಿದ್ದು ಕೊನೆಯ ಎರಡೇ.

ಅಂಗಡಿಯವನಿಗೆ ಫೋನ್ ಹೋಯಿತು. "ಹೌದು ಮೇಡಂ, ಆ ಬೋರ್ಡಲ್ಲಿ ಹಾಗೇ. ಪಟ್ಟಿ ಹಾಕಿದ ಕೂಡಲೇ ಆ ಎರಡು ಸಾಕೆಟ್ಟಿನ ದಾರಿ ಅದರ ಪಾಲಾಗುತ್ತೆ. ಹೇಳೋದು ಮರೆತೆ."

ಮಾವ ಫೋನ್ ಕಿತ್ತುಕೊಂಡರು. "ದಾರಿ ಯಾರಿಗೆ ಅಂತ ತೀರ್ಮಾನ ಮಾಡೋದ್ಯಾರು? ಬೋರ್ಡಾ, ಪಟ್ಟಿನಾ?"

ಅಂಗಡಿಯವನು ಗೊತ್ತಿಲ್ಲ ಎಂದ. ಮಾವನಿಗೆ ಅದರಿಂದ ಬೇಸರವೇನೂ ಆದಂತೆ ಕಾಣಲಿಲ್ಲ.

ಮಧ್ಯಾಹ್ನ ಒಂದೇ ವಿಡಿಯೊವನ್ನು ಎರಡರಲ್ಲೂ ನಕಲು ಮಾಡಿ ನೋಡಿದರು. ಹಳೆಯದರಲ್ಲಿ ಅದು ಮುಗಿಯುವಷ್ಟರಲ್ಲಿ ಮಾವ ಬಟ್ಟೆ ಒಣಹಾಕಿ ಬಂದರು. ಹೊಸದರಲ್ಲಿ ಬಕೆಟ್ಟಿಗೆ ಕೈ ಹಾಕುವ ಮೊದಲೇ ಮುಗಿದಿತ್ತು.

"ಇದು ನ್ಯಾಯದ ಪಂದ್ಯ ಅಲ್ಲ," ಎಂದಳು ಸೊಸೆ. "ಹಳೇದರಲ್ಲಿ ಚಿಪ್ಪಿಲ್ಲ, ತಟ್ಟೆ ತಿರುಗಬೇಕು. ಗೆದ್ದದ್ದು ದಾರಿನೋ ಚಿಪ್ಪೋ, ಹೇಗೆ ಹೇಳೋದು?"

ಮಾವ ಎರಡು ದಿನ ತಲೆಗೆ ಹುಳ ಬಿಟ್ಟುಕೊಂಡು ತಿರುಗಿದರು. ಮೂರನೆಯ ದಿನ ತಾವೇ ಹೋಗಿ ಅಂಥದೇ ಚಿಪ್ಪಿನ ಆ ಸಾಟಾ ಪೆಟ್ಟಿಗೆಯನ್ನು ತಂದರು. ಅದನ್ನೂ ಜೋಡಿಸಿದಾಗ ಇಬ್ಬರಿಗೂ ಗೆಲುವಿನ ಪಾಲು ಸಿಕ್ಕಿತು: ದೊಡ್ಡ ವಿಡಿಯೊ ನಕಲಿಸುವಾಗ ಪಟ್ಟಿ ಬಹಳ ಮುಂದೆ, ಕಂಪ್ಯೂಟರ್ ಚಾಲೂ ಮಾಡುವಾಗ ಯಾವುದು ಯಾವುದೆಂದು ಮಾವನಿಗೂ ತಿಳಿಯಲಿಲ್ಲ, ಸೊಸೆಗೂ ತಿಳಿಯಲಿಲ್ಲ.

"ಅಂದ್ರೆ ನನಗೆ ಸಾಟಾ ಸಾಕಿತ್ತು," ಎಂದರು ಮಾವ.

"ನಿಮಗೆ ಸಾಕಿತ್ತು, ಇರುವೆಗಳಿಗೆ ಸಾಲ್ತಿರಲಿಲ್ಲ," ಎಂದಳು ಸೊಸೆ.

ಮಾವ ನಕ್ಕು ಕುರ್ಚಿ ಎಳೆದುಕೊಂಡರು. ಪರದೆಯ ಮೇಲೆ ಇರುವೆಯೊಂದು ತನಗಿಂತ ದೊಡ್ಡ ರೆಕ್ಕೆಯೊಂದನ್ನು ಎಳೆದುಕೊಂಡು ಬಿರುಕಿನ ಬಾಯಿಗೆ ಬಂದಿತ್ತು. ಅದನ್ನು ಒಳಗೆ ಹೇಗೆ ತೂರಿಸುತ್ತದೋ ಎಂದು ಇಬ್ಬರೂ ಮುಂದಕ್ಕೆ ಬಾಗಿದರು.