ಮೂರನೇ ಪಂಜರದ ಹೆಣ್ಣುಗಳು

ನಮ್ಮ ಅತ್ತೆ ದ್ಯಾಮವ್ವ ಬಾಗಲಕೋಟೆಯಿಂದ ಬರುವಾಗ ಸೂಟ್‌ಕೇಸಿನ ಅರ್ಧ ಭಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತುಂಬಿಕೊಂಡು ಬಂದಿದ್ದರು. ಇನ್ನರ್ಧ ಭಾಗ ನನ್ನ ಹೊಟ್ಟೆಗೆ ಸಂಬಂಧಿಸಿದ್ದು. ಯಾವುದೋ ತೊಗಟೆಯ ಪುಡಿ, ಯಾವುದೋ ಮಠದ ವಿಭೂತಿ, ಸೊಂಟಕ್ಕೆ ಕಟ್ಟಿಕೊಳ್ಳಲು ಮಂತ್ರಿಸಿದ ದಾರ. ದಾರಿಯಲ್ಲಿ ಉಪ್ಪಿನಕಾಯಿಯ ಡಬ್ಬಿ ಒಡೆದಿತ್ತು, ತೊಗಟೆಯ ಪುಡಿಗೆ ಮಾತ್ರ ಏನೂ ಆಗಿರಲಿಲ್ಲ. ನನ್ನ ನಸೀಬೇ ಹಾಗೆ.

ಅಂದಿನಿಂದ ದಿನಾ ಬೆಳಿಗ್ಗೆ ಕ್ಯಾಲಿಫೋರ್ನಿಯಾದ ನೆವಾರ್ಕಿನ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಆ ಪುಡಿಯ ಕಷಾಯ ಕುದಿಯುತ್ತಿತ್ತು. ಅತ್ತೆ ಲೋಟ ಹಿಡಿದು ಎದುರಿಗೇ ನಿಲ್ಲುವರು. ನಾನು ಮೂಗು ಮುಚ್ಚಿಕೊಂಡು ಕುಡಿಯುವೆನು. ನನ್ನ ಗಂಡ ಶಶಿಧರ ಸೋಫಾದ ಮೇಲೆ ಕುಳಿತು ಫೋನು ನೋಡುವನು. ಆ ಫೋನಿನಲ್ಲಿ ಏನಿತ್ತೋ ದೇವರಿಗೇ ಗೊತ್ತು, ನಾನು ಕುಡಿದು ಮುಗಿಸುವ ತನಕ ಅವನು ತಲೆ ಎತ್ತುತ್ತಿರಲಿಲ್ಲ.

ಯಾಕೆಂದರೆ ಕಷಾಯದ ಅಗತ್ಯ ನನಗಿರಲಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ಫ್ರೀಮಾಂಟಿನ ಡಾಕ್ಟರು ಹಿಂದೆಯೇ ಸ್ಪಷ್ಟವಾಗಿ ಹೇಳಿದ್ದರು. ನನ್ನಲ್ಲಿ ಯಾವ ತೊಂದರೆಯೂ ಇಲ್ಲ, ಶಶಿಗೆ ಮಕ್ಕಳಾಗುವ ಸಾಧ್ಯತೆ ಇಲ್ಲ. ಅಂದು ಪಾರ್ಕಿಂಗ್ ಲಾಟಿನಲ್ಲಿ ಅವನು ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತ. "ಅವ್ವಗ ಮಾತ್ರ ಹೇಳಬ್ಯಾಡ ಉಮಾ. ಗೊತ್ತಾದ್ರ ಎದಿ ಒಡಕೊಂಡು ಸಾಯ್ತಾಳ," ಎಂದ. ನಾನು ಅವನ ತಲೆ ಸವರಿ ಹ್ಞೂಂ ಎಂದೆ. ಅವನಿಗೆ ಬಂದ ಕೊರತೆಯ ಮೇಲೆ ನನಗೆ ಅಂದೂ ಸಿಟ್ಟಿರಲಿಲ್ಲ, ಇಂದೂ ಇಲ್ಲ. ಆದರೆ ನಾನು ಹ್ಞೂಂ ಎಂದದ್ದು ಅವನ ಕಣ್ಣೀರು ಆರುವ ತನಕ, ಜೀವಮಾನಕ್ಕಲ್ಲ. ದಾನಿಯ ನೆರವು ಪಡೆಯೋಣವೆಂದರೆ "ನೋಡೋಣ", ದತ್ತು ತೆಗೆದುಕೊಳ್ಳೋಣವೆಂದರೆ "ಅವ್ವಗ ಏನಂತ ಹೇಳೂದು?" ಅಲ್ಲಿಗೆ ಮಾತು ಮುಗಿಯುತ್ತಿತ್ತು. ಸಿಟ್ಟು ಮಾಡಿಕೊಂಡು ಎಲ್ಲಿಗಾದರೂ ಹೋಗೋಣವೆಂದರೆ ನನ್ನ ವರ್ಕ್ ಪರ್ಮಿಟ್ಟು ಅವನ ವೀಸಾಕ್ಕೆ ಜೋತುಬಿದ್ದ ಬಾಲ. ಅವನನ್ನು ಬಿಟ್ಟರೆ ಕೆಲಸವನ್ನೂ ಬಿಡಬೇಕು.

ಕೆಲಸ ಮಾತ್ರ ನನ್ನದು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಸಣ್ಣ ಕಂಪನಿಯ ಲ್ಯಾಬು. ಅಲ್ಲಿ ಚೆರಿ ಹಣ್ಣು ಕೆಡಿಸುವ ಸಣ್ಣ ನೊಣಗಳನ್ನು ಸಾಕುತ್ತೇವೆ. ಕೆಲವು ನೊಣಗಳ ಮೈಯೊಳಗೆ ಒಂದು ಬ್ಯಾಕ್ಟೀರಿಯಾ ವಾಸ ಮಾಡುತ್ತದೆ. ಅದು ತಾಯಿಯಿಂದ ಮಕ್ಕಳಿಗೆ ಮೊಟ್ಟೆಯ ಮೂಲಕ ಇಳಿಯುತ್ತದೆ. ಆ ಬ್ಯಾಕ್ಟೀರಿಯಾ ಇರುವ ಗಂಡು, ಅದಿಲ್ಲದ ಹೆಣ್ಣನ್ನು ಕೂಡಿದರೆ ಹೆಣ್ಣು ಮೊಟ್ಟೆಯೇನೋ ಇಡುತ್ತದೆ, ಮರಿ ಹೊರಗೆ ಬರುವುದಿಲ್ಲ. ಗಂಡು ಬೀಗ ಹಾಕಿರುತ್ತದೆ, ಬೀಗದಕೈ ಆ ಹೆಣ್ಣಿನ ಮೊಟ್ಟೆಯಲ್ಲಿ ಇರುವುದಿಲ್ಲ. ಇಂಥ ಗಂಡುಗಳನ್ನು ತೋಟಕ್ಕೆ ಬಿಟ್ಟರೆ ವಿಷ ಹೊಡೆಯದೆಯೇ ನೊಣಗಳ ಸಂತತಿ ನಿಲ್ಲುತ್ತದೆ ಎಂಬುದು ಕಂಪನಿಯ ಲೆಕ್ಕಾಚಾರ.

ಆ ಲೆಕ್ಕಾಚಾರವನ್ನು ಕೆಡಿಸಿದ್ದು ಮೂರನೇ ಪಂಜರದ ಹೆಣ್ಣುಗಳು.

"ಉಮಾ, ಕೇಜ್ ಮೂರು ನೋಡಿದ್ರಾ?" ಎಂದು ನನ್ನ ಜೊತೆ ಕೆಲಸ ಮಾಡುವ ಮೈಸೂರಿನ ಮಾನ್ಯಾ ಒಂದು ದಿನ ಓಡಿಬಂದಳು. "ಹೆಣ್ಣುಗಳು ಆ ಗಂಡುಗಳನ್ನ ಹತ್ರಾನೇ ಬಿಟ್ಕೊಳ್ತಿಲ್ಲ ಕಣ್ರೀ. ಬಂದ್ರೆ ಒದೀತಿವೆ!"

ಹೋಗಿ ನೋಡಿದೆ. ನಿಜವೇ. ಆ ಪಂಜರದಲ್ಲಿ ಬ್ಯಾಕ್ಟೀರಿಯಾ ಇಲ್ಲದ ಹೆಣ್ಣುಗಳ ಜೊತೆ ಎರಡು ಬಗೆಯ ಗಂಡುಗಳನ್ನೂ ಬಿಟ್ಟು ತಲೆಮಾರುಗಟ್ಟಲೆ ಬೆಳೆಸಿದ್ದೆವು. ಬ್ಯಾಕ್ಟೀರಿಯಾ ಇರುವ ಗಂಡನ್ನು ಒಪ್ಪಿಕೊಂಡ ಹೆಣ್ಣುಗಳಿಗೆ ಸಂತಾನ ಉಳಿಯಲಿಲ್ಲ, ಒದ್ದು ಓಡಿಸಿದವುಗಳಿಗೆ ಉಳಿಯಿತು. ಈಗಿರುವುದೆಲ್ಲ ಒದೆಯುವವರ ಮೊಮ್ಮಕ್ಕಳು, ಮರಿಮಕ್ಕಳು. ಗಂಡು ಬಂದು ರೆಕ್ಕೆ ಬಡಿದು ಹಾಡುತ್ತದೆ, ಹೆಣ್ಣು ಹಿಂಗಾಲು ಝಾಡಿಸಿ ಆಚೆ ಹೋಗುತ್ತದೆ. ಹೀಗೆಯೇ ಬಹುಕಾಲ ನಡೆದರೆ ಬ್ಯಾಕ್ಟೀರಿಯಾ ಇರುವವೂ ಇಲ್ಲದವೂ ಮತ್ತೆ ಕೂಡದ ಬೇರೆ ಬೇರೆ ಪ್ರಭೇದಗಳಾಗಿಬಿಡಬಹುದು. ಕಂಪನಿಗೆ ಅದು ಕೆಟ್ಟ ಸುದ್ದಿ. ನಾನು ಗಾಜಿಗೆ ಮೂಗು ಹಚ್ಚಿ ನೋಡುತ್ತ ನಿಂತೆ, ಮನಸ್ಸಿನಲ್ಲೇ ಶಭಾಶ್ ಅಂದೆ.

ಆಗಲೇ ಕಂಪನಿಯಲ್ಲಿ ಫ್ಯಾಮಿಲಿ ಡೇ ಬಂತು. ಮನೆಯವರನ್ನು ಕರೆತಂದು ಲ್ಯಾಬು ತೋರಿಸಬಹುದಾದ ದಿನ. ಶಶಿಗೆ ಮೀಟಿಂಗಿತ್ತು. ಅತ್ತೆಯೊಬ್ಬರೇ ಬಂದರು, ಇಳಕಲ್ ಸೀರೆಯ ಮೇಲೆ ಲ್ಯಾಬ್ ಕೋಟು ತೊಟ್ಟು. ಅವರಿಗೆ ಅದು ಬಹಳ ಒಪ್ಪುತ್ತಿತ್ತು ಎಂದು ಹೇಳಲೇಬೇಕು.

ಸೂಕ್ಷ್ಮದರ್ಶಕದಲ್ಲಿ ಇಣುಕಿ, "ಅಯ್ಯ, ಬಾಳೆಹಣ್ಣಿನ ಮ್ಯಾಲೆ ಕೂಡೂ ನುಸಿ ಅಲ್ಲೇನ ಇವು? ಇದಕ್ಕ ಇಷ್ಟು ದೊಡ್ಡ ಕಟ್ಟಡ?" ಎಂದರು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ನಗುವುದನ್ನು ನಿಲ್ಲಿಸಿ ಕೇಳುತ್ತ ಹೋದರು.

"ತತ್ತಿ ಇಟ್ರೂ ಮರಿ ಬರಂಗಿಲ್ಲ?"

"ಬರಂಗಿಲ್ರಿ ಅತ್ತಿಯಾರ."

"ತಪ್ಪು ಯಾರ ಕಡೆಂದು?"

"ಗಂಡಿನ ಕಡೆಂದು."

ಅತ್ತೆ ಮತ್ತೆ ಕಣ್ಣು ಹಚ್ಚಿದರು. ಆಮೇಲೆ ಅಲ್ಲಿಂದಲೇ, ಮುಖ ಎತ್ತದೆ, "ಔಷಧ ಇಲ್ಲೇನು?" ಎಂದರು.

"ನುಸಿಗೆ ಐತ್ರಿ. ಔಷಧ ಬೆರೆಸಿದ ಆಹಾರ ಕೊಟ್ಟು ಬೆಳೆಸಿದ್ರ ಆ ಬ್ಯಾಕ್ಟೀರಿಯಾ ಹೋಗ್ತದ. ಮರಿ ಬರ್ತಾವ."

"ಮನಷ್ಯಾರೊಳಗ? ಗಂಡಸಿಗೆ?"

ಈವರೆಗೆ ನನ್ನ ಹೊಟ್ಟೆಯ ಬಗ್ಗೆ ಬಿಟ್ಟು ಬೇರೆ ಯಾವುದರ ಬಗ್ಗೆಯೂ ಕೇಳದವರು ಗಂಡಸಿನ ಮಾತು ಯಾಕೆ ತೆಗೆದರು?

ಮರಳಿ ಬರುವಾಗ ಡಂಬಾರ್ಟನ್ ಸೇತುವೆಯ ಮೇಲೆ ಟ್ರಾಫಿಕ್ಕು ಕಟ್ಟಿ ನಿಂತಿತು. ಎರಡೂ ಕಡೆ ಕೊಲ್ಲಿಯ ನೀರು, ಹಿಂದೆ ಮುಂದೆ ಕಾರುಗಳು. ಇಳಿದು ಹೋಗುವಂತಿಲ್ಲ, ಮಾತು ತಪ್ಪಿಸುವಂತಿಲ್ಲ. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಹೇಳಿದರು:

"ಶಶಿ ಕಾಲೇಜು ಸೇರಿದ ವರ್ಷ ಅವಗ ಮಂಗನಬಾವು ಆಗಿತ್ತು. ಬಾವು ಕೆಳಗ, ಗಂಡಸಿನ ಜಾಗಕ್ಕ ಇಳೀತು. ಹಾಸಿಗಿ ಹಿಡದು ಮಲಗಿದ್ದ. ಮುಂದ ಇವಗ ಮಕ್ಕಳಾಗೂದು ಕಷ್ಟ ಅಂತ ಡಾಕ್ಟರು ನನ್ನ ಒಬ್ಬಾಕಿನ್ನ ಹೊರಗ ಕರದು ಹೇಳಿದ್ರು. ಅಂವಗ ಹೇಳಿಲ್ಲ. ನಿಮ್ಮ ಮಾವಗೂ ಹೇಳಲಿಲ್ಲ, ಪುಣ್ಯಾತ್ಮ ತಿಳೀದನ ತೀರಿಹೋದ್ರು."

ಮುಂದಿನ ಕಾರು ಒಂದು ಮಾರು ಸರಿಯಿತು. ನಾನು ಸರಿಯಲಿಲ್ಲ. ಹಿಂದಿನವನು ಹಾರ್ನು ಹೊಡೆದ.

"ಗೊತ್ತಿದ್ದೂ ನನ್ನ ತಂದು ಲಗ್ನ ಮಾಡಿದ್ರೇನ್ರಿ?"

"ಯಾವ ತಾಯಿ ಹೇಳ್ತಾಳ ಯವ್ವಾ?"

"ಹಂಗಾರ ಈ ಕಷಾಯ? ಈ ದಾರ?"

"ಮಂದಿ ಕೇಳ್ತಾರಲ್ಲ. ಏನರ ಮಾಡಾಕತ್ತೀವಿ ಅಂತ ತೋರಿಸಬೇಕಲ್ಲ." ಅವರು ಗೇರಿನ ಮೇಲಿದ್ದ ನನ್ನ ಕೈ ಹಿಡಿದುಕೊಂಡರು. "ಹೆಣ್ಣಿನ ಮ್ಯಾಲೆ ಮಾತು ಬಂದ್ರ ಹೊತ್ಕೊಂತಾಳ, ಗಂಡಿನ ಮ್ಯಾಲೆ ಬಂದ್ರ ಮುರದ ಬೀಳ್ತಾನ. ಇಲ್ಲಿಯ ಡಾಕ್ಟರು ನಿಮಗ ಹೇಳೇ ಇರ್ತಾರ, ಆದ್ರ ನನಗೂ ಗೊತ್ತೈತಿ ಅಂತ ಶಶಿಗ ಗೊತ್ತಾಗಬಾರದು ಉಮಾ. ನಾಚಿಕಿಗೆ ಏನರ ಮಾಡಿಕೊಂಡಾನು. ನಿನ್ನ ಕಾಲ ಬೀಳ್ತೀನಿ."

ಮಗನಿಗಾಗಿ ನನ್ನ ಬದುಕನ್ನೇ ಮೋಸದಿಂದ ತಂದು ಇಟ್ಟವರ ಮೇಲೆ ಸಿಟ್ಟು ಉಕ್ಕಿ ಬಂತು. ಅದರ ಬೆನ್ನಿಗೇ, ಇಷ್ಟು ವರ್ಷ ಒಬ್ಬರೇ ಈ ಬೆಂಕಿ ಮಡಿಲಲ್ಲಿ ಇಟ್ಟುಕೊಂಡವರ ಮೇಲೆ ಕನಿಕರವೂ ಬಂತು, ಹಾಳಾದದ್ದು. ಮಗ ಹೇಳುತ್ತಾನೆ, ಅವ್ವನಿಗೆ ಗೊತ್ತಾದರೆ ಸಾಯುತ್ತಾಳೆ. ಅವ್ವ ಹೇಳುತ್ತಾಳೆ, ಮಗನಿಗೆ ಗೊತ್ತಾದರೆ ಸಾಯುತ್ತಾನೆ. ಇಬ್ಬರಿಗೂ ಗೊತ್ತು, ಯಾರೂ ಸತ್ತಿಲ್ಲ. ನಡುವೆ ನಾನು, ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗೆ. ಅತ್ತೆ ಕೈ ಬಿಡಲಿಲ್ಲ. ನಾನು ಈ ಸಲ ಹ್ಞೂಂ ಅನ್ನದೆ ಕಾರು ಓಡಿಸಿದೆ. ಮರುದಿನ ಬೆಳಿಗ್ಗೆ ಮತ್ತೆ ಕಷಾಯ ಕುದಿಯಿತು. ಮತ್ತೆ ಕುಡಿದೆ. ಈಗ ಅದು ಮೊದಲಿಗಿಂತ ಕಹಿಯಾಗಿತ್ತು.

ಮುಂದಿನ ರವಿವಾರ ಐಶ್ವರ್ಯಾಳ ಕುಬಸ. ಐಶ್ವರ್ಯಾ ನಮ್ಮ ಕಾಂಪ್ಲೆಕ್ಸಿನಲ್ಲೇ ಇರುವ ಹುಬ್ಬಳ್ಳಿಯ ಹುಡುಗಿ, ಏಳು ತಿಂಗಳ ಬಸುರಿ. ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕುಳಿತಿದ್ದಳು. ಬಸುರಿಯ ಸೆರಗಿನಲ್ಲಿ ಐದು ಮಂದಿ ಮುತ್ತೈದೆಯರು ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು ಹಾಕಿ ಉಡಿ ತುಂಬಬೇಕು. ಊರಿನಲ್ಲಾದರೆ ಓಣಿಗೆ ಕೂಗು ಹಾಕಿದರೆ ಐವತ್ತು ಮಂದಿ ಬರುತ್ತಾರೆ. ಇಲ್ಲಿ ನಾಲ್ವರು ಬಂದಿದ್ದರು. ಐದನೆಯವಳು ಓಕ್ಲ್ಯಾಂಡಿನಿಂದ ಬರುತ್ತಿದ್ದವಳು ಫ್ರೀವೇದಲ್ಲಿ ಸಿಕ್ಕಿಬಿದ್ದಿದ್ದಳು.

ನಾನು ಹಿಂದಿನ ಸೋಫಾದಲ್ಲಿ ಅತ್ತೆಯ ಪಕ್ಕ ಕುಳಿತಿದ್ದೆ. ಅವರು ಗಂಡ ಸತ್ತವರು, ನಾನು ಮಕ್ಕಳಿಲ್ಲದವಳು. ಯಾರೂ ನಮಗೆ ಅಲ್ಲಿ ಕೂಡಿರಿ ಎಂದು ಹೇಳಿರಲಿಲ್ಲ. ಹೇಳದೆಯೇ ಹೋಗಿ ಕುಳಿತಿದ್ದೆವು, ಅದೇ ಇದರ ಚಂದ.

"ರಾಹುಕಾಲ ಬರ್ತೈತಿ," ಎಂದು ಐಶ್ವರ್ಯಾಳ ಅತ್ತೆ ಈರವ್ವ ಚಡಪಡಿಸಿದರು.

"ಉಮಾ ಅಕ್ಕ ಅದಾರಲ್ರಿ ಅತ್ತಿ," ಎಂದಳು ಐಶ್ವರ್ಯಾ. "ಬರ್ರಿ ಅಕ್ಕಾ."

ನಾನು ಎದ್ದೆ. ಈರವ್ವನ ಕೈಯಲ್ಲಿದ್ದ ಅಕ್ಕಿಯ ಮೊರ ಹಿಂದಕ್ಕೆ ಸರಿಯಿತು. ಅವರು ಕೆಟ್ಟವರಲ್ಲ, ಸೊಸೆಯ ಹೊಟ್ಟೆಯ ಬಗ್ಗೆ ಹೆದರಿದವರು. ನನ್ನನ್ನು ದಾಟಿ ದ್ಯಾಮವ್ವನನ್ನು ನೋಡಿ, ದನಿ ತಗ್ಗಿಸಿ ಕೇಳಿದರು: "ತಪ್ಪು ತಿಳೀಬ್ಯಾಡ್ರಿ ಅಕ್ಕಾರ. ದೋಷ ಯಾರ ಕಡೆಂದ್ರಿ, ಆಕೀದೋ, ನಿಮ್ಮ ಮಗಂದೋ? ಆಕೀದಲ್ಲ ಅಂದ್ರ ಉಡಿ ತುಂಬಲಿ, ನಂದೇನಿಲ್ಲ."

ದನಿ ತಗ್ಗಿಸಿದರೂ ಕೋಣೆ ಸಣ್ಣದು, ಎಲ್ಲರಿಗೂ ಕೇಳಿಸಿತು. ಬಾಲ್ಕನಿಯ ಬಾಗಿಲಲ್ಲಿ ಗಂಡಸರ ಜೊತೆ ತಟ್ಟೆ ಹಿಡಿದು ನಿಂತ ಶಶಿಗೂ ಕೇಳಿಸಿತು. ಅವನು ಬಾಯಿ ತೆರೆಯುತ್ತಾನೆ ಎಂದು ನಾನು ಕಾದೆ. ನಿಜವಾಗಿ ಕಾದೆ. ಅವನು ತಟ್ಟೆಯಲ್ಲಿದ್ದ ಹೋಳಿಗೆಯನ್ನು ಬಗ್ಗಿ ನೋಡಿದ, ಜನ್ಮದಲ್ಲಿ ಹೋಳಿಗೆ ಕಾಣದವನ ಹಾಗೆ.

ಅತ್ತೆ ನೆಲ ನೋಡುತ್ತ ಹೇಳಿದರು: "ಆಕೀದ."

ಈಗ ಮಾಡುವುದೆಂದರೆ ಹಿಂದಕ್ಕೆ ಹೋಗಿ ಸೋಫಾದಲ್ಲಿ ಕೂಡುವುದು. ನಾಳೆ ಕಷಾಯ, ನಾಡಿದ್ದು ಇನ್ನೊಂದು ದಾರ, ಇನ್ನೊಬ್ಬರ ಕುಬಸ. ಅಥವಾ ಎಲ್ಲರೆದುರು ಶಶಿಯ ಮಾನ ಹರಾಜು ಹಾಕುವುದು. ಅದು ನನ್ನಿಂದಾಗದು ಎಂದು ಇಬ್ಬರೂ ಚೆನ್ನಾಗಿ ತಿಳಿದಿದ್ದರು, ನನ್ನ ಒಳ್ಳೆಯತನವನ್ನೇ ಚಿಲಕ ಮಾಡಿಕೊಂಡಿದ್ದರು. ಮೂರನೇ ಪಂಜರ ನೆನಪಾಯಿತು. ಆ ಹೆಣ್ಣುಗಳು ಯಾರನ್ನೂ ಕಚ್ಚುವುದಿಲ್ಲ, ಕೊಲ್ಲುವುದಿಲ್ಲ. ಒಲ್ಲೆ ಎಂದು ಕಾಲು ಝಾಡಿಸುತ್ತವೆ, ಅಷ್ಟೇ.

"ಶಶಿ," ಎಂದು ಕರೆದೆ. ಅವನು ತಲೆ ಎತ್ತಿದ. "ಅವ್ವಗ ಗೊತ್ತೈತಿ. ನಮ್ಮ ಲಗ್ನಕ್ಕಿಂತ ಮೊದಲಿಂದ ಗೊತ್ತೈತಿ."

ಅಲ್ಲಿದ್ದವರಿಗೆ ಒಂದೂ ಅರ್ಥವಾಗಲಿಲ್ಲ. "ಏನ ಗೊತ್ತೈತವಾ?" ಎಂದು ಈರವ್ವ ಕೇಳಿದರು. ಉತ್ತರ ಕೊಡಬೇಕಾದವರು ಬೇರೆ ಇಬ್ಬರಿದ್ದರು.

ಶಶಿಯ ಮುಖದ ಬಣ್ಣ ಹೋಯಿತು. ಅವನು ಅವ್ವನನ್ನು ನೋಡಿದ. ಅವ್ವ ಅವನನ್ನು ನೋಡಿದರು. ಇಷ್ಟು ವರ್ಷ ಇಬ್ಬರೂ ಒಬ್ಬರ ಕಣ್ಣು ಒಬ್ಬರು ತಪ್ಪಿಸಲು ನನ್ನನ್ನೇ ನೋಡುತ್ತಿದ್ದರು. ಈಗ ನಡುವೆ ನಾನಿರಲಿಲ್ಲ. ಯಾರೂ ಸಾಯಲಿಲ್ಲ.

ಐಶ್ವರ್ಯಾ ಎಷ್ಟು ತಿಳಿದಳೋ ಗೊತ್ತಿಲ್ಲ, ಹೆಣ್ಣಲ್ಲವೇ, ಏನೋ ತಿಳಿದಿರಬೇಕು. "ಅತ್ತೀ, ಉಡಿ ನಂದು," ಎಂದು ಸೆರಗು ಚಾಚಿದಳು. ಈರವ್ವ ಒಂದು ಕ್ಷಣ ತಡೆದು, ಮೊರವನ್ನು ನನ್ನ ಮುಂದೆ ಹಿಡಿದರು.

ಎರಡೂ ಬೊಗಸೆ ತುಂಬ ಅಕ್ಕಿ ತೆಗೆದುಕೊಂಡೆ. ಬೊಗಸೆ ತುಳುಕಿ ಒಂದಿಷ್ಟು ಕಾಳು ಕಾರ್ಪೆಟ್ಟಿನ ಮೇಲೆ ಬಿದ್ದವು. ಬೆನ್ನ ಹಿಂದೆ "ಶಶೀ" ಎಂಬ ಅತ್ತೆಯ ದನಿ ಒಡೆದು ಕೇಳಿತು, ಆಮೇಲೆ ತಟ್ಟೆ ಎಲ್ಲೋ ಇಟ್ಟ ಸದ್ದು. ಮನೆಗೆ ಮೂವರೂ ಒಂದೇ ಕಾರಿನಲ್ಲಿ ಹೋಗಬೇಕಿತ್ತು, ಅದು ನನಗೆ ಗೊತ್ತಿತ್ತು. ಉಡಿ ತುಂಬುವಾಗ ತಿರುಗಿ ನೋಡಬಾರದು ಎಂಬ ಶಾಸ್ತ್ರವೇನೂ ಇಲ್ಲ. ಆದರೂ ನಾನು ತಿರುಗಿ ನೋಡಲಿಲ್ಲ.